ದುರಸ್ತಿಗೆ ಕೊಟ್ಟ ಓಣಿ

ನಿಲಂಗಾದಲ್ಲಿ ವಿದ್ಯಾವತಿಗೆ ಎರಡು ಮನೆಗಳಿದ್ದವು. ಒಂದು, ಗಂಡ ಭೀಮಾಶಂಕರನ ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಯ ಮನೆ. ಅಲ್ಲಿ ಆಕೆ ಅಡುಗೆ ಮಾಡುತ್ತಿದ್ದಳು, ಮಲಗುತ್ತಿದ್ದಳು, ಬಂದವರಿಗೆ ಚಹಾ ಕೊಡುತ್ತಿದ್ದಳು. ಇನ್ನೊಂದು ಟ್ಯಾಬಿನೊಳಗಿನ ಮನೆ. ಆಕೆಯ ಜೀವ ಇದ್ದದ್ದು ಅದರಲ್ಲಿ.

ಟ್ಯಾಬು ಮಗಳು ಕಾಜಲಳದು. ಲಾಕ್‌ಡೌನಿನಲ್ಲಿ ಶಾಲೆಗೆ ಬೀಗ ಬಿದ್ದು ಪಾಠವೆಲ್ಲ ಪರದೆಯ ಮೇಲೆ ಎಂದಾದಾಗ ಭೀಮಾಶಂಕರ ಎಲ್ಲೆಲ್ಲೋ ವಿಚಾರಿಸಿ ತಂದುಕೊಟ್ಟಿದ್ದ. ಪಾಠ ಎಷ್ಟು ನಡೆಯಿತೋ ಶಿವನೇ ಬಲ್ಲ. ಹುಡುಗಿ ಊರು ಕಟ್ಟುವ ಒಂದು ಆಟ ಹಾಕಿಕೊಂಡು ಕೂತುಬಿಟ್ಟಳು. ಆಟದವರು ಜಾಗ ಕೊಡುತ್ತಾರೆ, ಕಲ್ಲು ಮಣ್ಣು ಕೊಡುತ್ತಾರೆ; ಮನೆ ಕಟ್ಟಬೇಕು, ಬಾವಿ ತೋಡಬೇಕು, ಎಮ್ಮೆ ಸಾಕಬೇಕು. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕ ಬಂದು ಕೂತು ಕೇಳಿದಳು:

"ಅವ್ವಾ, ಹಳೇ ಸಾಸ್ತೂರದಾಗ ನಿಮ್ಮ ಮನಿ ಹ್ಯಾಂಗಿತ್ತು? ಹೇಳು, ನಾ ಕಟ್ತೀನಿ."

"ಬಿದ್ದು ಹೋದ ಮನಿ ಏನ್ ಕಟ್ತೀ? ಏಳು, ಅಭ್ಯಾಸ ಮಾಡು ಹೋಗು," ಎಂದು ವಿದ್ಯಾವತಿ ಗದರಿದ್ದಳು.

ಗದರಿದವಳು ಮರುದಿನ ತಾನಾಗಿಯೇ ಹೇಳಲು ಕೂತಳು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅದಕ್ಕೇ. ಸಾಸ್ತೂರ ಆಕೆಯ ತವರು; ತೊಂಬತ್ಮೂರರ ಭೂಕಂಪದಲ್ಲಿ ಊರಿಗೆ ಊರೇ ಬಿದ್ದಿತ್ತು. ಭೂಕಂಪದವರು ಎಂದರೆ ಜನ ಎಷ್ಟು ಮಂದಿ ಸತ್ತರು ಎಂದು ಕೇಳುತ್ತಾರೆ, ನಿಮ್ಮ ಮನೆಯ ಬಾಗಿಲು ಯಾವ ಕಡೆಗಿತ್ತು ಎಂದು ಯಾರು ಕೇಳುತ್ತಾರೆ? ಮಗಳು ಕೇಳಿದಳು. ಬಾಗಿಲು ಮೂಡಣಕ್ಕೆ, ಮುಂದೆ ಕಟ್ಟೆ, ಒಳಗೆ ಕಾಲಿಟ್ಟರೆ ಪಡಸಾಲೆ, ಎಡಕ್ಕೆ ದೇವರ ಜಗುಲಿ, ಹಿಂದೆ ಅಂಗಳದಲ್ಲಿ ಬೇವಿನ ಮರ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಎಮ್ಮೆ ಬಂದರೆ ಮನುಷ್ಯರು ಯಾರದಾದರೂ ಮನೆಯೊಳಗೆ ಹೋಗಿ ನಿಲ್ಲಬೇಕು. ಮನೆಗಳಿಗೆಲ್ಲ ಒಂದೇ ಗೋಡೆ. ಪಕ್ಕದ ಮನೆಗೂ ಇವರಿಗೂ ನಡುವಿನ ಗೋಡೆಯಲ್ಲಿ ಒಂದು ಗೂಡು ಈಚೆಯಿಂದ ಆಚೆಗೆ ತೆರೆದಿತ್ತು. ಅದರಲ್ಲಿ ಕೆಂಡ ಈಸಿಕೊಳ್ಳುತ್ತಿದ್ದರು, ಪಲ್ಯದ ಬಟ್ಟಲು ದಾಟಿಸುತ್ತಿದ್ದರು, ಜಗಳವನ್ನೂ ಅದರಲ್ಲೇ ಆಡುತ್ತಿದ್ದರು.

ಆಟಕ್ಕೆ ಇದು ಒಪ್ಪಿಗೆಯಿರಲಿಲ್ಲ. ಎರಡು ಮನೆಗಳ ನಡುವೆ ಗಾಡಿ ಹೋಗುವಷ್ಟು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಮನೆ ಕೆಂಪಗಾಗಿ ನಿಂತುಬಿಡುತ್ತಿತ್ತು. ಕಾಜಲ ಸೋಲುವ ಪೈಕಿಯಲ್ಲ. ಹೇಗೆ ಕಂಡುಹಿಡಿದಳೋ, ನಡುವೆ ಒಂದು ಹುಲ್ಲಿನ ಬಣವಿ ಇಟ್ಟು, ಅದಕ್ಕೆ ತಾಗಿಸಿ ಮನೆ ಕಟ್ಟಲು ಹಚ್ಚಿ, ಮನೆ ಏಳುತ್ತಿರುವಾಗಲೇ ಬಣವಿ ಕಿತ್ತುಹಾಕುತ್ತಿದ್ದಳು. ಮನೆ ಸರಿದು ಪಕ್ಕದ ಗೋಡೆಗೆ ಅಂಟಿ ಕೂರುತ್ತಿತ್ತು.

"ಆಟಕ್ಕ ಗೊತ್ತೇ ಆಗಂಗಿಲ್ಲ ಅವ್ವಾ," ಎಂದು ಚಪ್ಪಾಳೆ ತಟ್ಟಿ ನಗುತ್ತಿದ್ದಳು.

ಹೀಗೆ ಒಂದೊಂದೇ ಮನೆ ಎದ್ದು ಇಡೀ ಓಣಿ ನಿಂತಿತು. ಒಂದು ದಿನ ಹುಡುಗಿ ಮತ್ತೊಂದು ಪ್ರಶ್ನೆ ಕೇಳಿದಳು. "ಪಂಡಿತ ಮಾಮಾಗ ಎಲ್ಲಿ ಮಣ್ಣು ಕೊಟ್ರಿ ಅವ್ವಾ?"

ವಿದ್ಯಾವತಿ ಒಲೆಯ ಉರಿ ತಗ್ಗಿಸಿ ಹೇಳಿದಳು. ಪಂಡಿತ ಆಕೆಯ ತಮ್ಮ, ಐದು ವರ್ಷದವನು. ಆ ವರ್ಷ ಗಣಪತಿ ಹಬ್ಬಕ್ಕೆ ವಿದ್ಯಾವತಿ ವಲಾಂಡಿಯಲ್ಲಿದ್ದ ಸೋದರತ್ತೆ ಮಾಣಿಕಬಾಯಿಯ ಮನೆಗೆ ಹೋಗಿದ್ದಳು. ಗಣಪತಿ ಮುಳುಗಿಸಿದ ಮರುದಿನ ಬೆಳಗಿನ ಜಾವಕ್ಕೆ ನೆಲ ನಡುಗಿತು. ಸಾಸ್ತೂರದಲ್ಲಿ ಅಂಗಳದಲ್ಲಿ ಮಲಗಿದ್ದ ಅಪ್ಪ ಅವ್ವ ಉಳಿದರು, ಒಳಗೆ ಮಲಗಿದ್ದ ಪಂಡಿತ ಉಳಿಯಲಿಲ್ಲ. ಇವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲಿ ಕೂಡಿಸಿ, ತಮ್ಮ ಹೊಲದಲ್ಲೇ ಮಣ್ಣು ಕೊಡುತ್ತಾರೆ. ಮೇಲೊಂದು ಕಲ್ಲಿಟ್ಟು ಅಮಾವಾಸ್ಯೆಗೊಮ್ಮೆ ಪತ್ರಿ ಏರಿಸುತ್ತಾರೆ. ಆದರೆ ಆ ದಿನ ಮಳೆ ಬೇರೆ ಹಿಡಿದಿತ್ತು. ಅಗೆಯಲು ಕೈಗಳಿರಲಿಲ್ಲ. ಯಾರ ಮನೆಯ ಹೆಣವೆಂದು ಕೇಳುವವರೂ ಇರಲಿಲ್ಲ. ಬಿದ್ದ ಮನೆಗಳ ತೊಲೆಗಳನ್ನೇ ಒಟ್ಟಿ, ಎಲ್ಲರನ್ನೂ ಒಟ್ಟಿಗೆ ಸುಟ್ಟರು. ಪಂಡಿತನ ಪಾಲಿಗೆ ಕೂರಲು ಒಂದು ಗೇಣು ನೆಲವೂ ಬರಲಿಲ್ಲ. ಅವನ ಹೆಸರಿನಲ್ಲಿ ಪತ್ರಿ ಎಲ್ಲಿ ಇಡಬೇಕೆಂದು ತಿಳಿಯದೆ ಅವರವ್ವ ಸಾಯುವವರೆಗೂ ಒಲೆಯ ಮುಂದೆ ಇಡುತ್ತಿದ್ದಳು.

ಇದನ್ನೆಲ್ಲ ಕೇಳಿದ ಕಾಜಲ ಟ್ಯಾಬು ಹಿಡಿದು ಮೂಲೆಗೆ ಹೋಗಿ ಕೂತಳು. ಸಂಜೆ ಟ್ಯಾಬು ತಂದು ತಾಯಿಯ ತೊಡೆಯ ಮೇಲಿಟ್ಟಳು. ಅಂಗಳದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಗೋಡೆಗೆ ಒತ್ತಿ ಒಂದು ಸಣ್ಣ ಕರಿಕಲ್ಲು ಕೂತಿತ್ತು. ಪಕ್ಕದಲ್ಲಿ ಒಂದು ಹಸಿರು ಗಿಡ. "ಆಟದಾಗ ಪತ್ರಿ ಗಿಡ ಸಿಗೂದಿಲ್ಲ, ಇದನ್ನೇ ಪತ್ರಿ ಅಂತ ತಿಳಕೋ," ಎಂದಳು.

ಅದಾದ ಎರಡು ವರ್ಷಕ್ಕೆ, ಮಳೆಗಾಲದಲ್ಲಿ, ಕಾಜಲಳಿಗೆ ಜ್ವರ ಬಂತು. ಡೆಂಗ್ಯೂ ಎಂದರು. ಉದಗೀರಕ್ಕೆ ಒಯ್ದರು, ಅಲ್ಲಿಂದ ಲಾತೂರಿಗೆ ಒಯ್ದರು. ಹದಿನೇಳರ ಹುಡುಗಿ, ಮನೆಗೆ ಬರುವಾಗ ಬಟ್ಟೆ ಸುತ್ತಿಕೊಂಡು ಬಂದಳು. ಭೀಮಾಶಂಕರನ ಹೊಲವಿರುವುದು ಗಡಿಯಾಚೆ, ಬಸವಕಲ್ಯಾಣದ ಹತ್ತಿರ. ಅಲ್ಲೇ ಕೂಡಿಸಿ ಮಣ್ಣು ಕೊಟ್ಟರು.

ಅಂದಿನಿಂದ ವಿದ್ಯಾವತಿ ದಿನಕ್ಕೊಮ್ಮೆ, ಗಂಡ ಗಿರಣಿಯಲ್ಲಿರುವಾಗ, ಟ್ಯಾಬು ತೆರೆಯುತ್ತಿದ್ದಳು. ಆಟ ಆಡಲು ಆಕೆಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಟ್ಟೆಯ ಮೇಲೆ ಹಳದಿ ಅಂಗಿಯ ಒಂದು ಹುಡುಗಿ ಕೈ ಬೀಸುತ್ತ ನಿಂತಿರುತ್ತಿದ್ದಳು. ಅದು ಕಾಜಲ ತನಗೆಂದು ಆರಿಸಿಕೊಂಡ ಗೊಂಬೆ. ಆ ಹುಡುಗಿಯನ್ನು ಆಕೆ ಎಂದೂ ಕಟ್ಟೆಯಿಂದ ಇಳಿಸಲಿಲ್ಲ. ಬೆರಳಿಟ್ಟು ಓಣಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು, ಎಮ್ಮೆಗೆ ನೀರು ಕುಡಿಸುತ್ತಿದ್ದಳು, ಕರಿಕಲ್ಲಿನ ಹತ್ತಿರ ಒಂದಿಷ್ಟು ಹೊತ್ತು ಇದ್ದು ಮುಚ್ಚಿಡುತ್ತಿದ್ದಳು. ತಮ್ಮನದೂ ಮಗಳದೂ ಎರಡೂ ಗುರುತು ಒಂದೇ ಕಡೆ ಇದ್ದವು.

ಭೀಮಾಶಂಕರ ಅದರ ಕಡೆ ಕಣ್ಣೆತ್ತಿ ಕೂಡ ನೋಡುತ್ತಿರಲಿಲ್ಲ. ಆಟ ತೆರೆದಾಗ ಎತ್ತಿನ ಗೆಜ್ಜೆಯ ಸದ್ದಾಗುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಉಣ್ಣುತ್ತಿದ್ದವನೂ ಎದ್ದು ಹೋಗಿ ಗಿರಣಿ ಶುರು ಮಾಡುತ್ತಿದ್ದ. ಮಗಳು ಸತ್ತಾಗಲೂ ಅವನು ಅತ್ತಿರಲಿಲ್ಲ. ಗಂಡಸು ಅಳಬಾರದೆಂಬ ಸೊಕ್ಕಲ್ಲ ಅದು. ಒಳಗೆಲ್ಲೋ ಸಿಕ್ಕಿಕೊಂಡಿತ್ತು, ಹೊರಗೆ ಬರಲೊಲ್ಲದು.

ಈಗೀಗ ಟ್ಯಾಬಿನ ಓಣಿಯಲ್ಲಿ ಗೋಡೆಗಳು ನಡುಗತೊಡಗಿದ್ದವು. ಎರಡು ಮನೆಗಳು ಕೂಡುವ ಕಡೆ ಗೋಡೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ, ಮಿಣಮಿಣ ಎನ್ನುತ್ತಿತ್ತು. ಬೇರೆಯವರಾಗಿದ್ದರೆ ಏನೋ ತೊಂದರೆ ಎಂದು ಬಿಡುತ್ತಿದ್ದರು. ನಡುಗುವ ಗೋಡೆಯನ್ನು ಸುಮ್ಮನೆ ನೋಡಿಕೊಂಡು ಕೂರುವುದು ಸಾಸ್ತೂರದವರಿಂದ ಆಗುವ ಮಾತಲ್ಲ. ವಿದ್ಯಾವತಿಗೆ ಊಟ ಸೇರದಂತಾಯಿತು.

ಅಷ್ಟರಲ್ಲಿ ಒಂದು ದಿನ ಆಟ ತೆರೆದಾಗ ಎರಡು ಚೌಕಗಳು ಬಂದವು. ಮೇಲಿನದರಲ್ಲಿ ಬಣ್ಣದ ಚಿತ್ರ: ಹೊಳೆಯಾಚೆ ಹೊಸ ಊರು, ಸಾಲು ಹಿಡಿದ ಮನೆಗಳು, ಅಗಲ ರಸ್ತೆ. ಪುಕ್ಕಟೆ ಎಂದು ಹಿಂದಿಯಲ್ಲಿ ದೊಡ್ಡದಾಗಿ ಬರೆದಿತ್ತು. ಕೆಳಗಿನದು ಬಣ್ಣವಿಲ್ಲದ ಸಣ್ಣ ಚೌಕ, ನಾಲ್ಕು ಸಾಲು ಅಕ್ಷರ. ಮೇಲಿನ ಚಿತ್ರ ನೋಡಿದ್ದೇ ವಿದ್ಯಾವತಿ ಎದ್ದಳು. ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಎದುರಿನ ದತ್ತಾತ್ರಿಯ ಮೊಬೈಲ್ ಅಂಗಡಿಗೆ ನಡೆದಳು. ದತ್ತಾತ್ರಿ ಭಾಲ್ಕಿ ಕಡೆಯವನು, ಭೀಮಾಶಂಕರನ ಗೆಳೆಯ. ಒಳ್ಳೆಯವನೇ, ಆದರೆ ಒಂದೇ ಸಲ ಮೂವರ ಜೊತೆ ಮಾತಾಡುವ ಚಟ.

"ಬರ್ರಿ ವೈನಿ, ಕುಂದರ್ರಿ," ಎಂದು ಟ್ಯಾಬು ತೆಗೆದುಕೊಂಡು ನೋಡಿದ. "ಏನಿಲ್ಲ ಬಿಡ್ರಿ. ಮ್ಯಾಲಿಂದು ಪುಕ್ಕಟ್ ಅದ. ಹೊಸಾ ಊರು ಕೊಡ್ಲಾಕತ್ಯಾರ. ಡಿಎಲ್‌ಸಿ ಅಂತಾರ ಅದಕ್ಕ ಹುಡುಗ್ರು. ಬೇಕಂದ್ರ ತಗೋರಿ, ಬ್ಯಾಡಂದ್ರ ಬಿಡ್ರಿ. ಕೆಳಗಿಂದು ಅಪ್ಡೇಟ್. ಅದು ಸಾದಾ ದುರುಸ್ತಿ."

"ಹೊಸಾ ಊರು ತಗೊಂಡ್ರ ಹಳೇದು ಏನ್ ಮಾಡ್ತಾರ?"

"ಏನೂ ಮಾಡಂಗಿಲ್ಲ. ಅದು ಬಾಜೂಕ ಬಂದು ಕುಂದರ್ತದ. ಹಳೇದು ಹಳೇ ಜಾಗಾದಾಗೇ ಇರ್ತದ."

"ಅವಾಗೂ ಹಿಂಗೇ ಅಂದಿದ್ರು," ಎಂದಳು ವಿದ್ಯಾವತಿ.

ದತ್ತಾತ್ರಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯುವ ಮಾತೂ ಅಲ್ಲ. ಭೂಕಂಪದ ನಂತರ ಈ ಭಾಗದ ಊರುಗಳನ್ನು ಎರಡು ಬಗೆ ಮಾಡಿದ್ದರು. ಪೂರ್ತಿ ಬಿದ್ದ ಊರುಗಳಿಗೆ ಬೇರೆ ಜಾಗದಲ್ಲಿ ಹೊಸ ಮನೆ, ಪುಕ್ಕಟೆ. ಅಷ್ಟಾಗಿ ಬೀಳದ ಊರುಗಳಿಗೆ ಇದ್ದಲ್ಲೇ ದುರಸ್ತಿ. ಸಾಸ್ತೂರದವರಿಗೆ ಹೊಸ ಮನೆ ಬಂತು. ಹಳೆಯ ಊರು ಎಲ್ಲಿಗೂ ಹೋಗುವುದಿಲ್ಲ, ಹೊಸದು ಅದರ ಪಕ್ಕದಲ್ಲಿರುತ್ತದೆ ಎಂದು ಯಾರೋ ಒಬ್ಬ ಸಾಹೇಬ ಹೇಳಿದ್ದನ್ನು ಹುಡುಗಿಯಾಗಿದ್ದ ವಿದ್ಯಾವತಿ ಅಪ್ಪನ ಪಕ್ಕ ನಿಂತು ಕೇಳಿದ್ದಳು. ಬೀಗದ ಕೈ ಬಂತು. ಹಳೆಯ ಓಣಿಯ ಕಲ್ಲುಗಳು ಲಾರಿ ಏರಿ ಹೋದವು, ನೆಲದ ಮೇಲೆ ಜಾಲಿ ಬೆಳೆಯಿತು. ತಮ್ಮ ಮನೆ ಎಲ್ಲಿತ್ತು ಎಂದು ಬೆರಳು ಮಾಡಿ ತೋರಿಸಲು ಒಂದು ಹೊಸ್ತಿಲೂ ಉಳಿಯಲಿಲ್ಲ. ಅದೇ ವಲಾಂಡಿಯ ಮಾಣಿಕಬಾಯಿ ಅತ್ತೆಯ ಮನೆಗೆ ದುರಸ್ತಿ ಸಿಕ್ಕಿತ್ತು. ಮಾಳಿಗೆಯ ಮಣ್ಣಿನ ಭಾರ ಇಳಿಸಿದರು, ಮೂಲೆಗಳಿಗೆ ಕಬ್ಬಿಣದ ಜಾಳಿಗೆ ಬಿಗಿದು ಸಿಮೆಂಟು ಮೆತ್ತಿದರು. ಆ ಮನೆ ಇಂದಿಗೂ ನಿಂತಿದೆ. ಅದೇ ಹೊಸ್ತಿಲು, ಅದೇ ಬೀಸುವ ಕಲ್ಲು, ಅತ್ತೆ ಎಣ್ಣೆ ಕೈ ಒರೆಸುತ್ತಿದ್ದ ಅದೇ ಕಂಬ.

ಪುಕ್ಕಟೆ ಕೊಟ್ಟವರು ಹಳೆಯದನ್ನು ಒಯ್ಯುತ್ತಾರೆ, ದುರಸ್ತಿ ಮಾಡುವವರು ಉಳಿಸಿಕೊಡುತ್ತಾರೆ. ಈ ಪಾಠವನ್ನು ಆಕೆಗೆ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ. ಮರೆಯುವ ಪಾಠವೂ ಆಗಿರಲಿಲ್ಲ.

"ಪುಕ್ಕಟಿಂದು ನಮಗ ಬ್ಯಾಡ," ಎಂದಳು. "ತೆಗದು ಹಾಕು ಅದನ್ನ."

"ಪುಕ್ಕಟ್ ಬ್ಯಾಡ ಅನ್ನೋ ಗಿರಾಕಿ ಇವತ್ತೇ ನೋಡಿದೆ ನೋಡ್ರಿ!" ದತ್ತಾತ್ರಿ ನಕ್ಕ. "ಹಂಗಾರ ಎರಡೂ ಬ್ಯಾಡ ಬಿಡ್ರಿ. ನೆಟ್ ಬಂದ್ ಮಾಡಿ ಕೊಡ್ತೀನಿ. ಇದ್ದಿದ್ದು ಇದ್ದಂಗ ಇರ್ತದ."

ಅಲ್ಲಿಗೆ ಎದ್ದು ಬಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಆಕೆಯ ಕಣ್ಣ ಮುಂದೆ ಗೋಡೆಗಳು ಮಿಣಮಿಣ ನಡುಗುತ್ತಿದ್ದವು.

"ಇಲ್ಲ ದತ್ತಣ್ಣಾ. ಗ್ವಾಡಿ ಅಳ್ಳಾಡ್ಲಾಕತ್ಯಾವ. ದುರುಸ್ತಿ ಮಾಡಿ ಕೊಡು."

ಪುಕ್ಕಟೆಯ ಬಗ್ಗೆ ಅಷ್ಟು ಕೆದಕಿ ಕೇಳಿದವಳು ದುರಸ್ತಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ದತ್ತಾತ್ರಿಯೂ ಹೇಳಲಿಲ್ಲ, ಗಾಜು ಒಡೆದ ಮೊಬೈಲು ಹಿಡಿದು ಇನ್ನೊಬ್ಬ ಗಿರಾಕಿ ಅವಸರ ಮಾಡುತ್ತಿದ್ದ. ಕೆಳಗಿನ ಚೌಕವನ್ನು ಒತ್ತಿದ, ಒಂದು ಗೆರೆ ನಿಧಾನಕ್ಕೆ ತುಂಬತೊಡಗಿತು. ವಿದ್ಯಾವತಿ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡಿದಳು. ಗೆರೆ ತುಂಬಿದಾಗ, ಹುಡುಗಿಯ ಮನೆ ಗಟ್ಟಿಯಾಯಿತು ಎಂದು ಆಕೆಗೆ ನಿಜವಾಗಿಯೂ ಸಮಾಧಾನವಾಯಿತು. ಬರುವಾಗ ಸಂತೆಯಲ್ಲಿ ಮೆಂತ್ಯೆ ಸೊಪ್ಪು ಕೂಡ ಕೊಂಡಳು. ಮೆಂತ್ಯೆ ಪಲ್ಯ ಕಾಜಲಳಿಗೆ ಪ್ರೀತಿ. ಮಗಳು ಹೋದ ಮೇಲೆ ಅದನ್ನು ಕೊಂಡದ್ದು ಅದೇ ಮೊದಲು.

ಮನೆಗೆ ಬಂದು, ಕಾಲು ತೊಳೆದುಕೊಂಡು, ಟ್ಯಾಬು ತೆರೆದಳು. ಗೆಜ್ಜೆಯ ಸದ್ದು ಅದೇ ಇತ್ತು. ಓಣಿ ಇರಲಿಲ್ಲ.

ಮನೆಗಳೆಲ್ಲ ಇದ್ದವು. ಒಂದೂ ಬಿದ್ದಿರಲಿಲ್ಲ. ಆದರೆ ಒಂದಕ್ಕೊಂದು ಅಂಟಿದ್ದವನ್ನು ಬಿಡಿಸಿ, ನಡುವೆ ಗಾಡಿ ಹೋಗುವಷ್ಟು ಜಾಗ ಬಿಟ್ಟು, ಅಗಲ ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಲ್ಲಿಸಿದ್ದರು. ಗೂಡಿದ್ದ ನಡುಗೋಡೆ ಹೋಗಿತ್ತು. ಈಗ ಅಲ್ಲಿ ಎರಡು ಗೋಡೆಗಳು, ನಡುವೆ ಖಾಲಿ ನೆಲ. ಬಾಗಿಲುಗಳೆಲ್ಲ ರಸ್ತೆಗೆ ಮುಖ ಮಾಡಿದ್ದವು. ಬೇವಿನ ಮರವನ್ನು ರಸ್ತೆಯ ಅಂಚಿಗೆ ಒಯ್ದಿದ್ದರು. ಕಟ್ಟೆ ಇಲ್ಲದ್ದಕ್ಕೆ ಹಳದಿ ಅಂಗಿಯ ಹುಡುಗಿ ಬಯಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಮೇಲೆ ನಾಲ್ಕು ಸಾಲು: ಒತ್ತೊತ್ತಾಗಿ ನಿಂತ ಮನೆಗಳ ದೋಷ ಸರಿಪಡಿಸಲಾಗಿದೆ, ಜಾಗ ಸಾಲದ ಸಾಮಾನುಗಳನ್ನು ಕೋಠಿಯಲ್ಲಿ ಇಡಲಾಗಿದೆ.

ಕಲ್ಲು? ಆಕೆಯ ಬೆರಳು ಪರದೆಯ ಮೇಲೆಲ್ಲ ಓಡಾಡಿತು. ಮನೆಯ ಹಿಂದೆ ನೋಡಿದಳು, ಮರದ ಕೆಳಗೆ ನೋಡಿದಳು, ಪ್ರತಿಯೊಂದು ಮೂಲೆ ನೋಡಿದಳು. ಕೊನೆಗೆ ಕೋಠಿ ತೆರೆದಳು. ಬುಟ್ಟಿ, ಕಟ್ಟೆ, ಕಿಟಕಿಗಳ ನಡುವೆ ಅದು ಇತ್ತು. ಅಲಂಕಾರದ ಕಲ್ಲು, ಒಂದು.

ಮನೆ ಬಿದ್ದಾಗ ಆಕೆ ಅಲ್ಲಿರಲಿಲ್ಲ, ವಲಾಂಡಿಯಲ್ಲಿ ಮಲಗಿದ್ದಳು. ಈ ಸಲ ಅಲ್ಲೇ ಇದ್ದಳು. ಸ್ಟೂಲಿನ ಮೇಲೆ ಕೂತು, ತಾನೇ ಮಾಡು ಎಂದು ಹೇಳಿ ಮಾಡಿಸಿದ್ದಳು. ಸೊಪ್ಪಿನ ಚೀಲ ಬಾಗಿಲಲ್ಲೇ ಬಿದ್ದಿತ್ತು. ಎತ್ತಿಡಬೇಕೆಂದೂ ಆಕೆಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಳು. ದತ್ತಾತ್ರಿ ಆಕೆಯ ಮುಖ ನೋಡಿ ಬೇರೆ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದ. ಬಹಳ ಹೊತ್ತು ಏನೇನೋ ಒತ್ತಿದ. ಯಾರಿಗೋ ಫೋನು ಹಚ್ಚಿ ಕೇಳಿದ.

"ಆಗಂಗಿಲ್ಲ ವೈನಿ. ಊರು ಈ ಟ್ಯಾಬಿನಾಗ ಅಷ್ಟೇ ಇರಂಗಿಲ್ಲ, ಕಂಪನಿಯವರ ಹತ್ರಾನೂ ಇರ್ತದ. ಎರಡೂ ಕಡಿ ಬದಲಾಗ್ಯದ. ಹಳೇದು ಅವರೂ ಇಟ್ಟಿಲ್ಲ ಅಂತ."

"ದುರುಸ್ತಿ ಅಂದಿದ್ದಿ."

"ದುರುಸ್ತೀನೇ ವೈನಿ. ಅಪ್ಡೇಟ್ ಅಂದ್ರ ಒಳಗ ಹೊಕ್ಕು ಇದ್ದಿದ್ದನ್ನೇ ಬದಲ್ ಮಾಡ್ತದ. ಅವರ ಲೆಕ್ಕದಾಗ ಕೂಸು ಕಟ್ಟಿದ್ದೇ ತಪ್ಪಿತ್ತು. ಪುಕ್ಕಟಿಂದು ಹಂಗಲ್ಲ, ಬಾಜೂಕ ಬಂದು ಸುಮ್ನ ಕುಂದರ್ತಿತ್ತು, ಇದರ ಮೈ ಮುಟ್ತಿರಲಿಲ್ಲ." ಅವನು ತಲೆ ತಗ್ಗಿಸಿದ. "ನಾ ಸರಿಯಾಗಿ ಬಿಡಿಸಿ ಹೇಳಬೇಕಿತ್ತು. ನಂದೇ ತಪ್ಪು."

"ನಿಂದೇನೂ ಇಲ್ಲ ದತ್ತಣ್ಣಾ," ಎಂದಳು ವಿದ್ಯಾವತಿ. "ನಮ್ಮ ಕಡಿ ಉಲ್ಟಾ ಇತ್ತು."

ಮನೆಗೆ ಬಂದು ಮತ್ತೊಮ್ಮೆ ಪ್ರಯತ್ನ ಮಾಡಿದಳು. ಕೋಠಿಯಿಂದ ಕಲ್ಲನ್ನು ತೆಗೆದು ಗೋಡೆಯ ಹತ್ತಿರ ಒಯ್ದಳು. ಕೆಂಪಗಾಯಿತು. ಹುಲ್ಲಿನ ಬಣವಿ ಇಟ್ಟು ಕಿತ್ತುಹಾಕುವ ಮಗಳ ಉಪಾಯವನ್ನು ನೆನಪು ಮಾಡಿಕೊಂಡು ಮಾಡಿದಳು. ಆಟಕ್ಕೆ ಈಗ ಎಲ್ಲ ಗೊತ್ತಾಗುತ್ತಿತ್ತು. ರಸ್ತೆಯ ನಡುವಿನ ಹೂದೋಟದಲ್ಲಿ ಮಾತ್ರ ಇಡಬಹುದು ಎಂದು ಹಸಿರು ತೋರಿಸಿತು. ನಾಲ್ಕು ಮಂದಿ ಓಡಾಡುವ ಜಾಗದಲ್ಲಿ ಪಂಡಿತನನ್ನು ಕೂಡಿಸಲು ಆಕೆಗೆ ಮನಸ್ಸಾಗಲಿಲ್ಲ. ಕಲ್ಲನ್ನು ತಿರುಗಿ ಕೋಠಿಗೆ ಹಾಕಿದಳು. ಆಗ ಅಳು ಬಂತು. ತಡೆಯುವ ಗೋಜಿಗೆ ಹೋಗದೆ ಆಕೆ ಬಾಯಿ ಬಿಟ್ಟು ಅತ್ತಳು.

ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಳುವ ಸದ್ದು ಕೇಳಿ ಭೀಮಾಶಂಕರ ಒಳಗೆ ಬಂದ. ಹುಬ್ಬು, ಮೀಸೆ, ಕೈ ಎಲ್ಲ ಹಿಟ್ಟು. ಹೆಂಡತಿಯ ತೊಡೆಯ ಮೇಲೆ ಟ್ಯಾಬು ಕಂಡು ಎಂದಿನಂತೆ ತಿರುಗಿ ಹೋಗಲು ಹೆಜ್ಜೆ ಎತ್ತಿದ. ಹೋಗಲಿಲ್ಲ. ಆಕೆಯ ಪಕ್ಕ ನೆಲದ ಮೇಲೆ ಕೂತ.

"ತೋರಸು," ಎಂದ.

ಆಕೆ ಬೇಡವೆನ್ನುವುದರೊಳಗೆ ತಾನೇ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡ. ನೋಡಿದ. ಸಾಲು ಮನೆಗಳು, ಅಗಲ ರಸ್ತೆ, ಅಂಚಿನಲ್ಲಿ ಬೇವಿನ ಮರ.

"ಅಯ್ಯ, ಇದು ಸಾಸ್ತೂರ ಅಲ್ಲೇನು!" ಎಂದ. "ನಿನ್ನ ನೋಡ್ಲಾಕ ಬಂದಾಗ ಈ ರಸ್ತಾದಾಗೇ ಬಂದಿದ್ದೆ ನಾ. ಮನಿ ಎಲ್ಲಾ ಒಂದೇ ನಮೂನಿ, ಯಾವುದು ಅಂತ ತಿಳೀದೆ ಎರಡು ಸಲ ತಿರುಗಾಡಿದ್ದೆ. ನಿಮ್ಮಪ್ಪ ಇಲ್ಲೇ, ಈ ಗಿಡದ ಬುಡಕ್ಕ ನಿಂತಿದ್ದ. ನೋಡು, ಹ್ಯಾಂಗ ಬರೋಬ್ಬರಿ ಮಾಡ್ಯಾಳ ನನ್ನ ಕೂಸು!"

ಅವನು ಬಸವಕಲ್ಯಾಣದ ಕಡೆಯಿಂದ ಈ ಸೀಮೆಗೆ ಬಂದದ್ದು ಭೂಕಂಪವಾಗಿ ಎಷ್ಟೋ ವರ್ಷದ ಮೇಲೆ. ಹಳೆಯ ಓಣಿಯನ್ನು ಅವನು ಕಂಡವನಲ್ಲ. ಅವನಿಗೆ ಹೆಂಡತಿಯ ತವರೆಂದರೆ ಸಾಲುಮನೆಗಳ ಈ ಹೊಸ ಸಾಸ್ತೂರವೇ. ಹಳದಿ ಅಂಗಿಯ ಹುಡುಗಿಯ ಮೇಲೆ ಬೆರಳಿಟ್ಟ. ಗಾಜಿನ ಮೇಲೆ ಹಿಟ್ಟಿನ ಗುರುತು ಮೂಡಿತು. "ಇಕಿ ಯಾರು? ನಮ್ಮ ಕಾಜಲ ಏನು?" ಎಂದು ಕೇಳುತ್ತಿದ್ದಂತೆ ಅವನ ದನಿ ಒಡೆಯಿತು. ವರ್ಷದಿಂದ ಸಿಕ್ಕಿಕೊಂಡಿದ್ದು ಆಗ ಬಿಟ್ಟಿತು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಆ ದೊಡ್ಡ ಆಳು ಹುಡುಗನ ಹಾಗೆ ಅತ್ತ.

ಇದು ಕಾಜಲ ಕಟ್ಟಿದ್ದಲ್ಲ ಎಂಬ ಮಾತು ವಿದ್ಯಾವತಿಯ ನಾಲಿಗೆಯ ತುದಿಗೆ ಬಂದಿತ್ತು. ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಮಾತನ್ನು ನುಂಗಿದಳು.

"ಹೌದ್ರೀ, ಕಾಜಲನೇ," ಎಂದಳು. "ಎಲ್ಲಾ ಆಕಿನೇ ಕಟ್ಯಾಳ."

ಬಹಳ ಹೊತ್ತಿನ ಮೇಲೆ ಅವನು ಮೂಗು ಒರೆಸಿಕೊಂಡು ಮತ್ತೆ ಪರದೆಯ ಮೇಲೆ ಬಗ್ಗಿದ. "ಇನ್ನ ದಿನಾ ನನಗೂ ತೋರಸು," ಎಂದ. "ಇಬ್ಬರೂ ಕೂಡಿ ನೋಡೂಣು."

"ಹೂಂ," ಎಂದಳು ವಿದ್ಯಾವತಿ. ಟ್ಯಾಬನ್ನು ಅವನ ಕೈಯಲ್ಲೇ ಬಿಟ್ಟು, ಬಾಗಿಲಲ್ಲಿ ಬಾಡಿ ಬಿದ್ದಿದ್ದ ಮೆಂತ್ಯೆ ಸೊಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.